ಖಾಲಿ ಮಾಡಿ ಮತ್ತೆ ತುಂಬಿಸಿದ ಕಪಾಟು: ಹಿಸ್ಟಮಿನ್ ಸಹಿಸದ ಚರ್ಮಕ್ಕೆ ಒಂದು ಮುಲಾಮು, ಒಂದು ಶಾಂಪೂ ಬಿಲ್ಲೆ

ತಲೆಗೆ ನೀರು ಹಾಕಿಕೊಂಡ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಕಿವಿ ಕೆಂಪೇರಿ ಕಾಯತೊಡಗುತ್ತಿತ್ತು. ಹಿಂದೆಯೇ ಕುತ್ತಿಗೆ, ಆಮೇಲೆ ನೆತ್ತಿಯ ತುರಿಕೆ. ಬೆರಳು ತಡೆಯದೆ ಕೆರೆದರೆ ಕೆರೆದ ಗೆರೆಯುದ್ದಕ್ಕೂ ಬಾಸುಂಡೆ. ಹಿಸ್ಟಮಿನ್ ಸಹಿಸದ ಮೈ ನನ್ನದು ಎಂದು ವೈದ್ಯರು ಹೇಳಿ ಒಂದೂವರೆ ವರ್ಷವಾಗಿತ್ತು. ಹಿಸ್ಟಮಿನ್ ಎಂದರೆ ನಮ್ಮ ಮೈಯಲ್ಲೂ ಕೆಲವು ಆಹಾರದಲ್ಲೂ ಇರುವ, ಕೆಂಪು, ತುರಿಕೆ ಎಬ್ಬಿಸುವ ರಾಸಾಯನಿಕ. ಊಟದ ಕಡೆ ಬದಲಾವಣೆ ಮಾಡಿಕೊಂಡಿದ್ದೆ, ಊಟದ ನಂತರದ ತಲೆನೋವು, ಮೂಗು ಕಟ್ಟುವುದು, ಎದೆ ಬಡಿತ ಎಲ್ಲ ಹತೋಟಿಗೆ ಬಂದಿದ್ದವು. ಚರ್ಮ ಮತ್ತು ಕೂದಲಿನ ಬುಡ ಮಾತ್ರ ಮಾತು ಕೇಳುತ್ತಿರಲಿಲ್ಲ. ಹಾಗಾಗಿ ಹಚ್ಚಿಕೊಳ್ಳುವುದನ್ನೆಲ್ಲ ಬಿಟ್ಟು, ಬೇಕಾದದ್ದನ್ನು ಮಾತ್ರ ಕೈಯಾರೆ ಮಾಡಿಕೊಳ್ಳುವುದೆಂದು ಕೂತೆ. ಹದಿನಾಲ್ಕು ವಾರ ಹಿಡಿಯಿತು. ಏನು ಮಾಡಿದೆ, ಎಲ್ಲಿ ಕೆಟ್ಟಿತು, ಹೇಗೆ ಸರಿಪಡಿಸಿದೆ ಎಂಬುದನ್ನು ನೋಟ್‌ಬುಕ್ ನೋಡಿಕೊಂಡು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಬಿಗಿಯಾದರೆ, ತಲೆ ಸುತ್ತಿ ಬೀಳುವಂತಾದರೆ ಅದು ಮುಲಾಮು ಮಾಡುವ ಕೆಲಸವಲ್ಲ, ತಕ್ಷಣ ಆಸ್ಪತ್ರೆಗೆ ಹೋಗುವ ಕೆಲಸ. ಕೆಳಗೆ ಬರೆದದ್ದೆಲ್ಲ ಅಷ್ಟು ತೀವ್ರವಲ್ಲದ, ಆದರೆ ದಿನವೂ ಜೀವ ಹಿಂಡುವ ಕೆಂಪು ಮತ್ತು ತುರಿಕೆಯ ಬಗ್ಗೆ.

ಸಣ್ಣಕ್ಷರ ಓದಿದ್ದು

ಕಪಾಟಿನಲ್ಲಿ ಹನ್ನೊಂದು ಡಬ್ಬಿ, ಬಾಟಲಿಗಳಿದ್ದವು. ಒಂದೊಂದರ ಹಿಂಬದಿಯ ಸಣ್ಣಕ್ಷರವನ್ನೂ ನೋಟ್‌ಬುಕ್ಕಿಗೆ ಇಳಿಸಲು ಎರಡು ಸಂಜೆ ಬೇಕಾಯಿತು. ಒಂಬತ್ತರ ಮೇಲೆ ‘ನೈಸರ್ಗಿಕ’ ಎಂದು ದೊಡ್ಡದಾಗಿ ಬರೆದಿತ್ತು. ಅವನ್ನು ಆರಿಸಿಕೊಂಡವಳು ನಾನೇ. ರಾಸಾಯನಿಕ ಬೇಡ, ಗಿಡಮೂಲಿಕೆ ಇರಲಿ ಎಂದು. ಪಟ್ಟಿ ಪೂರ್ತಿಯಾದ ಮೇಲೆ ಲೆಕ್ಕ ಹಾಕಿದರೆ ಒಂದೇ ಸ್ನಾನದಲ್ಲಿ ನನ್ನ ತಲೆಗೆ ಅರವತ್ತಕ್ಕೂ ಹೆಚ್ಚು ಬೇರೆ ಬೇರೆ ವಸ್ತು ತಾಗುತ್ತಿತ್ತು. ಇಷ್ಟರಲ್ಲಿ ಕಳ್ಳ ಯಾರೆಂದು ಹುಡುಕುವುದು ಹೇಗೆ?

ಹುಡುಕುವ ಮೊದಲು ಹಿಸ್ಟಮಿನ್ ಚರ್ಮದಲ್ಲಿ ಏನು ಮಾಡುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕಿತ್ತು. ಊಟದ ಮೂಲಕ ಬರುವ ಹಿಸ್ಟಮಿನ್ನನ್ನು ಒಡೆಯುವುದು ಮುಖ್ಯವಾಗಿ ಕರುಳಿನಲ್ಲಿರುವ ಡೈಅಮೈನ್ ಆಕ್ಸಿಡೇಸ್ ಎಂಬ ಕಿಣ್ವ. ಅದು ಸಾಲದೆ ಬಂದಾಗ ತೊಂದರೆ. ಚರ್ಮದ ಕಥೆ ಬೇರೆ. ಚರ್ಮಕ್ಕೆ ತನ್ನದೇ ಹಿಸ್ಟಮಿನ್ ದಾಸ್ತಾನು ಇದೆ, ಮಾಸ್ಟ್ ಕೋಶಗಳೊಳಗೆ ಸಣ್ಣ ಸಣ್ಣ ಕಣಗಳಾಗಿ. ಜರ್ಮನ್ ವಿಜ್ಞಾನಿ ಪಾಲ್ ಎರ್ಲಿಕ್ ಈ ಕೋಶಗಳನ್ನು ಗುರುತಿಸಿ ಹೆಸರಿಟ್ಟದ್ದು 1878ರಲ್ಲಿ. ಬಿಸಿ, ತಿಕ್ಕಾಟ, ಒತ್ತಡ, ಅಲರ್ಜಿ, ಯಾವುದಾದರೊಂದು ಕೆಣಕಿದರೆ ಸಾಕು, ಅವು ದಾಸ್ತಾನು ಹೊರಚೆಲ್ಲುತ್ತವೆ. ರಕ್ತನಾಳ ಹಿಗ್ಗುತ್ತದೆ, ನೀರು ಜಿನುಗಿ ಬಾಸುಂಡೆ ಏಳುತ್ತದೆ, ನರ ಕೆರಳಿ ತುರಿಸುತ್ತದೆ.

ಇದನ್ನು ನಾನು ಕಣ್ಣಾರೆ ಕಂಡದ್ದು ಚರ್ಮ ಚುಚ್ಚಿ ಮಾಡುವ ಅಲರ್ಜಿ ಪರೀಕ್ಷೆಯಲ್ಲಿ. ಪರೀಕ್ಷೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಅವರು ಒಂದು ಹನಿ ಶುದ್ಧ ಹಿಸ್ಟಮಿನ್ ದ್ರಾವಣವನ್ನೂ ಇಡುತ್ತಾರೆ. ಒಂದು ಮಿಲಿಲೀಟರಿಗೆ 10 ಮಿಲಿಗ್ರಾಂ ಸಾಮಾನ್ಯ ಅಳತೆ. ಹನಿ ಮುಂದೋಳಿನ ಮೇಲೆ ಕೂತಿತ್ತು, ಏನೂ ಆಗಲಿಲ್ಲ. ಆ ಹನಿಯ ಮೂಲಕ ಮೊನೆ ತಾಗಿಸಿ ಚರ್ಮದ ಮೇಲ್ಪದರವನ್ನು ಕೂದಲೆಳೆಯಷ್ಟು ಭೇದಿಸಿದ ಮೇಲೆ ಹದಿನೈದು ನಿಮಿಷದೊಳಗೆ ಬಟಾಣಿಯಷ್ಟು ಬಾಸುಂಡೆ, ಸುತ್ತ ಕೆಂಪು. ಅದೇ ಹನಿ, ಅದೇ ತೋಳು. ನಡುವೆ ಇದ್ದದ್ದು ಹರಿಯದ ಚರ್ಮದ ಒಂದು ತೆಳು ಪದರ ಅಷ್ಟೇ. ಇಡೀ ಯೋಜನೆಗೆ ದಿಕ್ಕು ಕೊಟ್ಟದ್ದು ಈ ದೃಶ್ಯ. ಕೆರೆದು ಕೆರೆದು ಹುಣ್ಣಾಗಿದ್ದ ನನ್ನ ನೆತ್ತಿಯ ಮೇಲೆ ಏನು ಬಿದ್ದರೂ ಒಳಗೆ ಹೋಗುತ್ತಿತ್ತು. ಮೊದಲು ಬೇಲಿ ಸರಿಯಾಗಬೇಕು, ಮಿಕ್ಕದ್ದು ಆಮೇಲೆ.

ಪಟ್ಟಿಯಿಂದ ಹೊಡೆದು ಹಾಕಿದ್ದರಲ್ಲಿ ಮೊದಲನೆಯದು ಹುಳಿ ಬರಿಸಿದ ಅಕ್ಕಿ ನೀರು. ಕೂದಲಿಗೆ ಒಳ್ಳೆಯದೆಂದು ಆರು ತಿಂಗಳಿಂದ ಹಾಕುತ್ತಿದ್ದೆ. ಹುದುಗುವಾಗ ಕೆಲವು ಬ್ಯಾಕ್ಟೀರಿಯಾ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಯಾವ ಬ್ಯಾಕ್ಟೀರಿಯಾ ಬೆಳೆಯಿತು ಎಂಬುದು ಮನೆಯ ಡಬ್ಬಿಯಲ್ಲಿ ನಮ್ಮ ಕೈಯಲ್ಲಿಲ್ಲ. ಕುದಿಸಿ ಬಳಸಿದರೆ ಸರಿಹೋಗುತ್ತದೆ ಎಂದುಕೊಂಡಿದ್ದೆ. ಬ್ಯಾಕ್ಟೀರಿಯಾ ಸಾಯುತ್ತದೆ ನಿಜ, ಹಿಸ್ಟಮಿನ್ ಮಾತ್ರ ಕುದಿತಕ್ಕೆ ಜಗ್ಗುವುದಿಲ್ಲ. ಕೂದಲು ತೊಳೆಯಲು ಇಟ್ಟಿದ್ದ ಸೇಬಿನ ವಿನೆಗರ್ ಕೂಡ ಹುದುಗಿಸಿದ್ದೇ, ಅದೂ ಹೋಯಿತು.

ಎರಡನೆಯದು ಕೂದಲು ಬೆಳೆಯುವ ಟಾನಿಕ್. ಅದರಲ್ಲಿ ನೆಟಲ್ ಸಾರ ಇತ್ತು. ನೆಟಲ್ ಎಂದರೆ ತುರಿಕೆ ಗಿಡ. ಅದರ ಮುಳ್ಳುಗೂದಲಿನೊಳಗೆ ಇರುವುದರಲ್ಲಿ ಹಿಸ್ಟಮಿನ್ ಒಂದು. ಪಿತ್ತಗಂಧೆಗೆ ವೈದ್ಯರು ಹೇಳುವ ಅರ್ಟಿಕೇರಿಯಾ ಎಂಬ ಹೆಸರು ಬಂದದ್ದೇ ಆ ಗಿಡದ ಲ್ಯಾಟಿನ್ ಹೆಸರಿನಿಂದ. ಒಣಗಿಸಿ ಸಂಸ್ಕರಿಸಿದ ಸಾರ ಹಸಿ ಗಿಡದಂತೆ ಕುಟುಕುವುದಿಲ್ಲ, ಆದರೂ ನನಗೆ ಅದು ಬೇಕಿರಲಿಲ್ಲ.

ಕೂದಲಿಗೆ ಬಲ ಕೊಡುವ ಮಾಸ್ಕ್‌ನಲ್ಲಿ ಹೈಡ್ರೊಲೈಸ್ಡ್ ಗೋಧಿ ಪ್ರೋಟೀನ್. ಇದರ ಬಗ್ಗೆ ಓದಿದಾಗ ಕೈ ನಿಂತಿತು. ಜಪಾನಿನಲ್ಲಿ ಇಂಥ ಗೋಧಿ ಪ್ರೋಟೀನ್ ಇದ್ದ ಒಂದು ಮುಖದ ಸೋಪು ಬಳಸಿ 2000ಕ್ಕೂ ಹೆಚ್ಚು ಜನರಿಗೆ ಗೋಧಿಯ ಅಲರ್ಜಿ ಹುಟ್ಟಿತು. ಅದುವರೆಗೆ ಗೋಧಿ ತಿಂದುಕೊಂಡು ಚೆನ್ನಾಗಿದ್ದವರಿಗೆ. ತೊಳೆದು ಹೋಗುವ ಸೋಪು ಅದು. ಚರ್ಮದ ದಾರಿಯಲ್ಲಿ ಮೈ ಒಂದು ವಸ್ತುವನ್ನು ವೈರಿ ಎಂದು ಕಲಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಸಿಕ್ಕಿಲ್ಲ. ಹುಣ್ಣಾದ ನೆತ್ತಿಗೆ ಪ್ರೋಟೀನ್ ಬೇಡವೇ ಬೇಡ.

ಸುಗಂಧ ತೈಲಗಳು, ದಾಲ್ಚಿನ್ನಿ ಸಾರ, ಮೆಂಥಾಲ್ ಎಲ್ಲ ಒಟ್ಟಿಗೇ ಹೊರಬಿದ್ದವು. ಲ್ಯಾವೆಂಡರ್ ಎಣ್ಣೆಯನ್ನು ಬಿಡಲು ಮನಸ್ಸು ಬರಲಿಲ್ಲ, ಅದೊಂದನ್ನು ಪಕ್ಕಕ್ಕೆ ಎತ್ತಿಟ್ಟೆ. ಅದರ ಲೆಕ್ಕ ಮುಂದೆ ಬರುತ್ತದೆ.

ಎರಡು ವಾರ ಬರೀ ನೀರು

ಏನೂ ಹಚ್ಚಲಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ತಲೆ ತೊಳೆದೆ, ಮೆತ್ತಗಿನ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿದೆ. ಐದನೆಯ ದಿನಕ್ಕೆ ಕೂದಲು ಜಿಡ್ಡುಗಟ್ಟಿ ಅಂಟಿಕೊಂಡಿತ್ತು, ಹೊರಗೆ ಹೋಗಲು ಸಂಕೋಚ. ತಡೆದುಕೊಂಡೆ. ಒಂಬತ್ತನೆಯ ದಿನ ನೋಟ್‌ಬುಕ್ಕಿನಲ್ಲಿ ಬರೆದದ್ದು: ‘ಕಿವಿ ಕೆಂಪಾಗಲಿಲ್ಲ.’ ಎರಡು ಪದ. ಓದಿದಾಗ ಈಗಲೂ ಕಣ್ಣು ತುಂಬುತ್ತದೆ.

ನೆತ್ತಿಯ ತುರಿಕೆ ಪೂರ್ತಿ ಹೋಗಿರಲಿಲ್ಲ, ಆದರೆ ಕೆರೆತದ ಗಾಯಗಳು ಮುಚ್ಚಿದ್ದವು. ಇನ್ನು ಕಟ್ಟುವ ಕೆಲಸ.

ಮುಲಾಮು

ಮುಖಕ್ಕೆ, ಕಿವಿಯ ಹಿಂದಕ್ಕೆ, ಕೂದಲ ತುದಿಗೆ ಮೂರಕ್ಕೂ ಒಂದೇ ವಸ್ತು ಬೇಕು ಎಂದು ತೀರ್ಮಾನಿಸಿದ್ದೆ. ನೀರು ಸೇರಬಾರದು. ನೀರು ಸೇರಿದರೆ ಕೆಲವೇ ದಿನದಲ್ಲಿ ಬ್ಯಾಕ್ಟೀರಿಯಾ, ಬೂಷ್ಟು. ಅದನ್ನು ತಡೆಯಲು ಪ್ರಿಸರ್ವೇಟಿವ್. ಪ್ರಿಸರ್ವೇಟಿವ್ ಬಂದರೆ ನನ್ನ ಪಟ್ಟಿಗೆ ಇನ್ನೆರಡು ಅನುಮಾನದ ಹೆಸರು. ನೀರಿಲ್ಲದ ಮುಲಾಮಿಗೆ ಈ ಸರಪಳಿ ಶುರುವಾಗುವುದೇ ಇಲ್ಲ.

50 ಗ್ರಾಂ ಮುಲಾಮಿಗೆ: ಜೊಜೊಬಾ ಎಣ್ಣೆ 34 ಗ್ರಾಂ, ಶುದ್ಧೀಕರಿಸಿದ ಶಿಯಾ ಬೆಣ್ಣೆ 12 ಗ್ರಾಂ, ಕ್ಯಾಂಡೆಲಿಲ್ಲಾ ಮೇಣ 3.75 ಗ್ರಾಂ, ವಿಟಮಿನ್ ಇ 0.25 ಗ್ರಾಂ. ಜೊಜೊಬಾ ಹೆಸರಿಗೆ ಎಣ್ಣೆ, ನಿಜದಲ್ಲಿ ದ್ರವರೂಪದ ಮೇಣ. ಹಾಗಾಗಿ ಉಳಿದ ಎಣ್ಣೆಗಳಂತೆ ಬೇಗ ಕಮಟು ಹಿಡಿಯುವುದಿಲ್ಲ. ಜೇನುಮೇಣ ಬೇಡವೆಂದದ್ದಕ್ಕೆ ಕಾರಣ ಅದರಲ್ಲಿ ಉಳಿದಿರಬಹುದಾದ ಜೇನಂಟು, ಅಂದರೆ ಪ್ರೊಪೊಲಿಸ್. ಅದು ಹೆಸರಾಂತ ಅಲರ್ಜಿಕಾರಕ. ಕ್ಯಾಂಡೆಲಿಲ್ಲಾ ಗಿಡದ ಮೇಣ, ಜೇನುಮೇಣಕ್ಕಿಂತ ಗಡಸು, ಅದಕ್ಕೆ ಹಾಕುವ ಅರ್ಧದಷ್ಟು ಸಾಕು. ಶಿಯಾ ಶುದ್ಧೀಕರಿಸಿದ್ದೇ ಯಾಕೆ ಎಂದು ಕೇಳುವವರಿಗೆ: ಹಸಿ ಶಿಯಾ ಚೆಂದವೇ, ವಾಸನೆಯೂ ಇಷ್ಟ, ಆದರೆ ಅದರಲ್ಲಿ ಎಣ್ಣೆಯ ಜೊತೆ ಬೇರೆ ಏನೇನೋ ಉಳಿದಿರುತ್ತದೆ. ನನಗೆ ಬೇಕಾದದ್ದು ಕಡಿಮೆ ಸಾಮಾನು.

ಬಿಸಿನೀರಿನ ಪಾತ್ರೆಯೊಳಗೆ ಗಾಜಿನ ಪಾತ್ರೆ ಇಳಿಸಿ ಮೊದಲು ಮೇಣ ಕರಗಿಸಿದೆ. ಅದು ಕರಗಲು 70 ಡಿಗ್ರಿ ಸೆಲ್ಸಿಯಸ್ ಹತ್ತಿರ ಬೇಕು. ಜೊಜೊಬಾ, ಶಿಯಾ ಸೇರಿಸಿ, ಕೆಳಗಿಳಿಸಿ, ತುಸು ಆರಿದ ಮೇಲೆ ವಿಟಮಿನ್ ಇ. ಡಬ್ಬಿಗೆ ಸುರಿದು ಮೇಜಿನ ಮೇಲೆ ಆರಲು ಬಿಟ್ಟೆ. ಮರುದಿನ ನೋಡಿದರೆ ಮೇಲೆ ನುಣ್ಣಗೆ ಹೊಳೆಯುತ್ತಿದೆ. ಬೆರಳಿಗೆ ತೆಗೆದುಕೊಂಡು ಉಜ್ಜಿದರೆ ಒಳಗೆಲ್ಲ ತರಿತರಿ, ಮರಳಿನ ಹಾಗೆ. ಕೆರಳಿದ ಚರ್ಮದ ಮೇಲೆ ಮರಳು ತಿಕ್ಕುವಂತಿಲ್ಲವಲ್ಲ.

ಕಾರಣ ಶಿಯಾದಲ್ಲಿದೆ. ಅದರೊಳಗಿನ ಕೊಬ್ಬುಗಳೆಲ್ಲ ಒಂದೇ ಬಿಸಿಗೆ ಗಟ್ಟಿಯಾಗುವುದಿಲ್ಲ. ನಿಧಾನಕ್ಕೆ ಆರಿದಾಗ ಗಡಸು ಕೊಬ್ಬು ಮೊದಲು ಹರಳುಗಟ್ಟಿ ಗುಂಪುಗೂಡುತ್ತದೆ, ಮೆತ್ತಗಿನದು ಸುತ್ತ ಉಳಿಯುತ್ತದೆ. ಇಡೀ ಡಬ್ಬಿಯನ್ನು ಮತ್ತೆ ಕರಗಿಸಿ 75 ಡಿಗ್ರಿಯಲ್ಲಿ ಹದಿನೈದು ನಿಮಿಷ ಹಿಡಿದೆ, ಹಳೆಯ ಹರಳಿನ ಗುರುತೂ ಉಳಿಯದಂತೆ. ಆಮೇಲೆ ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟು ನಿಲ್ಲಿಸದೆ ಕದಡಿದೆ. ಅಂಚಿನಿಂದ ಬೆಳ್ಳಗೆ ಕಟ್ಟುತ್ತ ಬರುತ್ತದೆ. ಗರಗಸದ ಹಲ್ಲಿನಂತೆ ಗೋಡೆಗೆ ಅಂಟಿದ್ದನ್ನು ಚಮಚದಿಂದ ಕೆರೆದು ನಡುವಿಗೆ ಸೇರಿಸುತ್ತಿರಬೇಕು. ಗಟ್ಟಿ ಮಜ್ಜಿಗೆಯ ಹದಕ್ಕೆ ಬಂದ ಕೂಡಲೇ ಡಬ್ಬಿಗೆ ಸುರಿದು ಫ್ರಿಜ್‌ಗೆ. ಒಂದು ಹನಿ ನೀರೂ ಪಾತ್ರೆಯೊಳಗೆ ಸಿಡಿಯದಂತೆ ನೋಡಿಕೊಳ್ಳುವುದೇ ಇದರಲ್ಲಿ ಕಷ್ಟ. ಮರುದಿನ ಮುಲಾಮು ಬೆರಳಿನಡಿ ರೇಷ್ಮೆಯಂತೆ ಜಾರಿತು.

ಹಚ್ಚುವ ಮೊದಲು ಪರೀಕ್ಷೆ. ಮುಂದೋಳಿನ ಒಳಭಾಗದಲ್ಲಿ ಪೆನ್ನಿನಿಂದ 5 ಸೆಂಟಿಮೀಟರ್ ಚೌಕ ಗುರುತಿಸಿ, ದಿನಕ್ಕೆರಡು ಸಲ, ಹದಿನಾಲ್ಕು ದಿನ. ಒಂದು ದಿನ ಹಚ್ಚಿ ಏನೂ ಆಗಲಿಲ್ಲವೆಂದು ಮುಖಕ್ಕೆ ಬಳಿದುಕೊಳ್ಳುವುದು ಪರೀಕ್ಷೆಯಲ್ಲ. ಸಂಪರ್ಕದ ಅಲರ್ಜಿ ಕಾಣಿಸಿಕೊಳ್ಳಲು ದಿನಗಳೇ ಬೇಕು. ಪ್ರತಿ ಸಲ ಮೂರು ಸಮಯ ಬರೆದೆ: ಹಚ್ಚಿದ್ದು, ಕೆಂಪಾದದ್ದು, ಕೆಂಪು ಇಳಿದದ್ದು. ಆಂಟಿಹಿಸ್ಟಮಿನ್ ಮಾತ್ರೆ ನುಂಗಿದ ದಿನವನ್ನು ಬೇರೆ ಶಾಯಿಯಲ್ಲಿ ಗುರುತಿಸಿದೆ, ಯಾಕೆಂದರೆ ಮಾತ್ರೆ ತಕ್ಷಣದ ಬಾಸುಂಡೆಯನ್ನು ಮುಚ್ಚಿಬಿಡುತ್ತದೆ, ಆ ದಿನದ ‘ಏನೂ ಆಗಲಿಲ್ಲ’ಕ್ಕೆ ಬೆಲೆಯಿಲ್ಲ. ಹಾಗೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ಪರೀಕ್ಷೆಗಾಗಿ ತಾವೇ ನಿಲ್ಲಿಸಬಾರದು, ಅವರನ್ನು ಕೇಳಿಯೇ ಮಾಡಬೇಕು. ಮುಲಾಮು ಪಾಸಾಯಿತು.

ಕೈಕೊಟ್ಟ ಶಾಂಪೂ

ಇಲ್ಲಿ ನಾನು ತಪ್ಪು ಮಾಡಿದೆ. ಮುಲಾಮು ಸಲೀಸಾಗಿ ಆದ ಖುಷಿಯಲ್ಲಿ ದ್ರವ ಶಾಂಪೂಗೆ ಕೈಹಾಕಿದೆ. ತೆಂಗಿನ ಕೊಬ್ಬು ಮತ್ತು ಸಕ್ಕರೆಯಿಂದ ಮಾಡುವ ಕೊಕೊ ಗ್ಲುಕೊಸೈಡ್ ನೊರೆಗೆ, ಗ್ಲಿಸರಿನ್, ಬಟ್ಟಿ ಇಳಿಸಿದ ನೀರು, ಮಂದ ಮಾಡಲು ಕ್ಸಾಂಥನ್ ಗೋಂದು. ಕ್ಸಾಂಥನ್ ಕೂಡ ಬ್ಯಾಕ್ಟೀರಿಯಾದಿಂದ ಹುದುಗಿಸಿ ತೆಗೆಯುವುದೇ ಅಲ್ಲವೇ ಎಂದು ತಡೆದೆ. ಹುದುಗಿಸಿದ ಮೇಲೆ ಆಲ್ಕೋಹಾಲ್‌ನಲ್ಲಿ ಗೋಂದನ್ನಷ್ಟೇ ಬೇರ್ಪಡಿಸಿ ಒಣಗಿಸುತ್ತಾರೆ, ಹುದುಗಿದ ರಸ ಅದರ ಜೊತೆ ಬರುವುದಿಲ್ಲ. ಹುದುಗಿಸಿ ಶುದ್ಧಗೊಳಿಸಿದ ಪುಡಿ ಬೇರೆ, ಹುದುಗಿದ ರಸವನ್ನೇ ಸುರಿಯುವುದು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎಲ್ಲವನ್ನೂ ಹೆದರಿ ಬಿಟ್ಟವರನ್ನು ನೋಡಿದ್ದೇನೆ, ಅವರಿಗೆ ಕೊನೆಗೆ ಉಳಿಯುವುದು ನೀರು ಮಾತ್ರ.

ಕೊಕೊ ಗ್ಲುಕೊಸೈಡ್ ಬರುವಾಗ ತೀರಾ ಕ್ಷಾರ, ಪಿಎಚ್ 12ರ ಆಸುಪಾಸು. ಪಿಎಚ್ ಎಂದರೆ ಹುಳಿ, ಕ್ಷಾರದ ಅಳತೆ: 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಸಿಟ್ರಿಕ್ ಆಮ್ಲದ ದ್ರಾವಣವನ್ನು ಹನಿಹನಿಯಾಗಿ ಹಾಕಿ 4.8ಕ್ಕೆ ಇಳಿಸಿದೆ. ಇಷ್ಟು ಕೆಳಗೆ ಯಾಕೆಂದರೆ ನಾನು ಆರಿಸಿದ ಪ್ರಿಸರ್ವೇಟಿವ್‌ಗಳು ಸೋಡಿಯಂ ಬೆಂಜೊಯೇಟ್ ಮತ್ತು ಪೊಟ್ಯಾಸಿಯಂ ಸೋರ್ಬೇಟ್, ತಲಾ ಅರ್ಧ ಶೇಕಡಾ. ಪಿಎಚ್ 5ಕ್ಕಿಂತ ಮೇಲೆ ಅವುಗಳ ಬಲ ಕುಗ್ಗುತ್ತ ಹೋಗುತ್ತದೆ. ಆಹಾರದಲ್ಲೂ ಬಳಸುವ ಜೋಡಿ, ನೈಸರ್ಗಿಕ ಉತ್ಪನ್ನಗಳಲ್ಲೂ ಒಪ್ಪಿತ. ಅದಕ್ಕಿಂತ ಸೌಮ್ಯವಾದದ್ದು ಇಲ್ಲ ಎಂದುಕೊಂಡು ತೋಳಿನ ಪರೀಕ್ಷೆಯನ್ನೂ ಮೂರೇ ದಿನಕ್ಕೆ ಮುಗಿಸಿ, ತಲೆಗೆ ಹಾಕಿ ಐದು ನಿಮಿಷ ಬಿಟ್ಟೆ. ನೊರೆ ಕೆನ್ನೆಗೆ ಇಳಿಯಿತು, ಒರೆಸಲಿಲ್ಲ.

ಹದಿನೆಂಟು ನಿಮಿಷಕ್ಕೆ ಎರಡೂ ಕೆನ್ನೆ, ಹಣೆಯ ಅಂಚು ಕೆಂಪಾಗಿ ಚುರುಗುಟ್ಟಿತು. ನೊರೆ ಇಳಿದ ದಾರಿ ಕನ್ನಡಿಯಲ್ಲಿ ನಕ್ಷೆ ಬರೆದ ಹಾಗೆ ಕಾಣುತ್ತಿತ್ತು. ವಿಚಿತ್ರವೆಂದರೆ ಆ ಬೆಳಗ್ಗೆ ನಾನು ಮಾತ್ರೆ ತೆಗೆದುಕೊಂಡಿದ್ದೆ. ಹಿಸ್ಟಮಿನ್ ಕೆಂಪಾಗಿದ್ದರೆ ಅದು ಇಷ್ಟು ರಭಸದಿಂದ ಏಳಬಾರದಿತ್ತು. ಎರಡೂವರೆ ಗಂಟೆಯಲ್ಲಿ ಕೆಂಪು ತಾನಾಗಿ ಇಳಿದು, ಗುರುತೂ ಉಳಿಯಲಿಲ್ಲ.

ನೋಟ್‌ಬುಕ್ ಹಿಡಿದು ಚರ್ಮದ ವೈದ್ಯರ ಬಳಿ ಹೋದೆ. ಅವರು ವಿವರಿಸಿದ್ದು ನನಗೆ ಕಣ್ಣು ತೆರೆಸಿತು. ಬೆಂಜೊಯಿಕ್ ಆಮ್ಲ, ಸೋರ್ಬಿಕ್ ಆಮ್ಲ, ದಾಲ್ಚಿನ್ನಿಯ ಸಿನಮಾಲ್ಡಿಹೈಡ್, ಕೂದಲ ಟಾನಿಕ್‌ಗಳಲ್ಲಿ ಬರುವ ಮೀಥೈಲ್ ನಿಕೋಟಿನೇಟ್, ಇವೆಲ್ಲ ಅಲರ್ಜಿಯೇ ಇಲ್ಲದವರಿಗೂ ತಾಗಿದ ಜಾಗದಲ್ಲಿ ಮುಕ್ಕಾಲು ಗಂಟೆಯೊಳಗೆ ಕೆಂಪು ಎಬ್ಬಿಸಬಲ್ಲವು. ಅಲ್ಲಿ ಮುಖ್ಯ ಪಾತ್ರ ಹಿಸ್ಟಮಿನ್ನಿನದಲ್ಲ, ಮೈಯಲ್ಲೇ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಎಂಬ ಬೇರೊಂದು ಗುಂಪಿನ ರಾಸಾಯನಿಕಗಳದು. ಅದಕ್ಕೇ ಆಂಟಿಹಿಸ್ಟಮಿನ್ ಮಾತ್ರೆ ಅದನ್ನು ತಡೆಯುವುದಿಲ್ಲ. ಪ್ರಯೋಗಗಳಲ್ಲಿ ಅದನ್ನು ತಗ್ಗಿಸಿದ್ದು ಆಸ್ಪಿರಿನ್ ಜಾತಿಯ ಔಷಧಿಗಳು. ಇದನ್ನು ಓದಿ ಯಾರೂ ನೋವಿನ ಮಾತ್ರೆ ನುಂಗಿ ಪರೀಕ್ಷಿಸಬೇಡಿ. ಪಿತ್ತಗಂಧೆ ಏಳುವ ಹಲವರಿಗೆ ಆ ಮಾತ್ರೆಗಳೇ ಗಂಧೆ ಹೆಚ್ಚಿಸುತ್ತವೆ.

ಅದೇ ಭೇಟಿಯಲ್ಲಿ ಲ್ಯಾವೆಂಡರ್ ಎಣ್ಣೆಯ ಲೆಕ್ಕವೂ ಚುಕ್ತಾ ಆಯಿತು. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ನೋಡುವ ಪ್ಯಾಚ್ ಪರೀಕ್ಷೆ ಮಾಡಿದರು. ಪಟ್ಟಿ ತೆಗೆದ ದಿನ ಏನೂ ಇರಲಿಲ್ಲ. ಇನ್ನೆರಡು ದಿನ ಕಳೆದು ಮತ್ತೆ ನೋಡಿದಾಗ ಒಂದು ಚೌಕದಲ್ಲಿ ಸಣ್ಣ ಗುಳ್ಳೆಗಳು: ಗಾಳಿ ತಾಗಿ ಆಕ್ಸಿಡೀಕರಣಗೊಂಡ ಲಿನಲೂಲ್. ಲ್ಯಾವೆಂಡರ್‌ನ ಪರಿಮಳದಲ್ಲಿ ದೊಡ್ಡ ಪಾಲು ಲಿನಲೂಲ್‌ನದು. ತಾಜಾ ಇದ್ದಾಗ ಅದು ಹೆಚ್ಚು ಕಾಡುವುದಿಲ್ಲ, ಬಾಟಲಿ ತೆರೆದು ತಿಂಗಳುಗಟ್ಟಲೆ ಇಟ್ಟರೆ ಗಾಳಿಯ ಜೊತೆ ಸೇರಿ ಬಲವಾದ ಅಲರ್ಜಿಕಾರಕವಾಗುತ್ತದೆ. ನನ್ನ ಬಾಟಲಿಗೆ ಎರಡು ವರ್ಷ. ತಲೆ ತೊಳೆದ ಎರಡು ದಿನದ ಮೇಲೆ ಬರುತ್ತಿದ್ದ ನೆತ್ತಿಯ ತುರಿಕೆ, ಹೊಟ್ಟು, ಎಲ್ಲ ಇದರದ್ದು. ನಾನು ಅದನ್ನೂ ಹಿಸ್ಟಮಿನ್ ತಲೆಗೇ ಕಟ್ಟಿ, ಹಿಂದಿನ ದಿನ ಏನು ತಿಂದೆ ಎಂದು ತಿಂಗಳುಗಟ್ಟಲೆ ಊಟದಲ್ಲಿ ಹುಡುಕಿದ್ದೆ. ತಿನ್ನಬಹುದಾದದ್ದನ್ನೂ ಸುಮ್ಮನೆ ಬಿಟ್ಟಿದ್ದೆ. ಇದು ನನಗೆ ತುಂಬ ನೋವು ಕೊಟ್ಟ ಸಂಗತಿ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಕೆಂಪು ಒಂದೇ ಬಣ್ಣ, ಬರುವ ದಾರಿ ಮೂರು: ಹಿಸ್ಟಮಿನ್, ಪ್ರೊಸ್ಟಗ್ಲಾಂಡಿನ್, ತಡವಾಗಿ ಏಳುವ ಸಂಪರ್ಕದ ಅಲರ್ಜಿ. ಯಾವ ಹೊತ್ತಿಗೆ ಬಂತು, ಎಷ್ಟು ಹೊತ್ತು ಇತ್ತು, ಮಾತ್ರೆಗೆ ಬಗ್ಗಿತೇ ಎಂದು ಬರೆದಿಡದಿದ್ದರೆ ಮೂರನ್ನೂ ಒಂದೇ ಎಂದುಕೊಂಡು ಬಾಳಬೇಕಾಗುತ್ತದೆ.

ಬಿಲ್ಲೆ

ಪಾಠ ಮುಲಾಮಿನದೇ: ನೀರು ತೆಗೆ. ದ್ರವ ಶಾಂಪೂ ಬಿಟ್ಟು ಗಟ್ಟಿ ಶಾಂಪೂ ಬಿಲ್ಲೆಗೆ ಬಂದೆ. ಸಾಮಾನ್ಯ ಸೋಪಿನ ಬಿಲ್ಲೆ ಆಗುವುದಿಲ್ಲ. ಸೋಪಿನ ಪಿಎಚ್ 9ರಿಂದ 10, ನೆತ್ತಿಯದು 5.5ರ ಹತ್ತಿರ, ಕೂದಲಿನ ಎಳೆಯದು ಇನ್ನೂ ಕೆಳಗೆ, 3.67. ಅಡುಗೆ ಸೋಡಾದಲ್ಲಿ ತಲೆ ತೊಳೆಯುವವರಿಗೂ ಇದೇ ಮಾತು. ಹಾಗಾಗಿ ನೊರೆಗೆ ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್ ಎಂಬ ಬಿಳಿ ಪುಡಿ. ತೆಂಗಿನ ಕೊಬ್ಬಿನಿಂದ ಬರುವ, ಚರ್ಮವನ್ನು ಹೆಚ್ಚು ಒಣಗಿಸದ ಮಾರ್ಜಕ.

100 ಗ್ರಾಂಗೆ ಅದು 62 ಗ್ರಾಂ, ಜೋಳದ ಪಿಷ್ಟ 14, ಸಿಟೈಲ್ ಆಲ್ಕೋಹಾಲ್ 12, ಗ್ಲಿಸರಿನ್ 8, ಜೊಜೊಬಾ 4. ಆಲ್ಕೋಹಾಲ್ ಎಂಬ ಹೆಸರು ಕಂಡು ಹೆದರಬೇಕಿಲ್ಲ. ಸಿಟೈಲ್ ಆಲ್ಕೋಹಾಲ್ ಮೇಣದಂಥ ಬಿಳಿ ಚೂರು, ಆವಿಯಾಗಿ ಚರ್ಮ ಸುಡುವ ಜಾತಿಯದಲ್ಲ.

ಮಾರ್ಜಕದ ಪುಡಿ ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ, ಗಂಟಲೂ ಕೆರೆಯುತ್ತದೆ. ಮಾಸ್ಕ್ ಹಾಕಿ, ಫ್ಯಾನ್ ಆರಿಸಿ, ಪುಡಿಯನ್ನು ಚಮಚದಲ್ಲಿ ಮೆಲ್ಲಗೆ ತೂಗಬೇಕು. ಹಿಸ್ಟಮಿನ್ ತೊಂದರೆ ಇರುವವರು ಈ ಹೆಜ್ಜೆಯನ್ನು ಹಗುರವಾಗಿ ನೋಡಬೇಡಿ. ಸಿಟೈಲ್ ಆಲ್ಕೋಹಾಲ್, ಜೊಜೊಬಾ, ಗ್ಲಿಸರಿನ್ ಕರಗಿಸಿ, ಪುಡಿ ಸೇರಿಸಿ, ಬಿಸಿನೀರಿನ ಪಾತ್ರೆಯ ಮೇಲೆ 80 ಡಿಗ್ರಿಯಲ್ಲಿ ಕದಡುತ್ತ ಇದ್ದೆ. ಮೊದಲ ಹತ್ತು ನಿಮಿಷ ಒದ್ದೆ ಮರಳಿನಂತೆ ಉದುರುದುರು. ಕೈಬಿಡಬೇಕೆನಿಸುತ್ತದೆ. ಇಪ್ಪತ್ತು ನಿಮಿಷಕ್ಕೆ ಅಂಚು ಮಿನುಗತೊಡಗಿ, ಇದ್ದಕ್ಕಿದ್ದಂತೆ ಹಿಟ್ಟಿನ ಮುದ್ದೆಯಂತೆ ಒಟ್ಟುಗೂಡುತ್ತದೆ. ಆಗ ಪಿಷ್ಟ ಸೇರಿಸಿ ನಾದಬೇಕು.

ಮೊದಲ ಬಿಲ್ಲೆ ಅಚ್ಚಿನಿಂದ ತೆಗೆಯುವಾಗ ಅಡ್ಡಕ್ಕೆ ಸೀಳಿತು. ಕೈ ಸುಡುತ್ತದೆಂದು ಆರಿಸಿ ಒತ್ತಿದ್ದೇ ತಪ್ಪು. ಆ ಹೊತ್ತಿಗೆ ಸಿಟೈಲ್ ಆಲ್ಕೋಹಾಲ್ ಗಟ್ಟಿಯಾಗಿತ್ತು, ಅದು 50 ಡಿಗ್ರಿಯ ಸುಮಾರಿಗೇ ಕಟ್ಟುತ್ತದೆ. ಚೂರುಗಳನ್ನು ಮತ್ತೆ ಬಿಸಿ ಮಾಡಿ, ಎರಡು ಜೊತೆ ಕೈಗವಸು ಹಾಕಿ, ಬಿಸಿಬಿಸಿಯಾಗಿ ಅಚ್ಚಿಗೆ ತುಂಬಿ ದೇಹದ ಭಾರ ಹಾಕಿ ಒತ್ತಿದೆ. ಫ್ರಿಜ್‌ನಲ್ಲಿ ಅರ್ಧ ಗಂಟೆ, ಗಾಳಿಯಲ್ಲಿ ಮೂರು ದಿನ. ಬೀಸಿ ಬಡಿದರೂ ಒಡೆಯಲಿಲ್ಲ. ನೊರೆಯ ಪಿಎಚ್ ಪಟ್ಟಿಯಲ್ಲಿ 5.5 ಮತ್ತು 6ರ ನಡುವಿನ ಬಣ್ಣ.

ಬಿಲ್ಲೆಯ ಪರೀಕ್ಷೆ ಮುಲಾಮಿನಂತಲ್ಲ. ಮಾರ್ಜಕವನ್ನು ಚರ್ಮದ ಮೇಲೆ ಹಚ್ಚಿ ಬಿಟ್ಟರೆ, ಮೇಲೆ ಬ್ಯಾಂಡೇಜು ಸುತ್ತಿದರೆ ಯಾರಿಗಾದರೂ ಕೆಂಪಾಗುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ತೆಳು ನೊರೆ ಮಾಡಿ, ಮೊಣಕೈ ಒಳಮಡಿಕೆಯಲ್ಲಿ ಒಂದು ನಿಮಿಷ ಸವರಿ, ತೊಳೆದೆ. ಈ ಸಲ ಹದಿನಾಲ್ಕು ದಿನ ಪೂರ್ತಿ. ಆಮೇಲೆ ಕಿವಿಯ ಹಿಂದಿನ ಒಂದು ಹಿಡಿ ಕೂದಲಿಗೆ, ಆಮೇಲೆ ಇಡೀ ತಲೆಗೆ. ಬಿಲ್ಲೆಯನ್ನು ನೇರ ನೆತ್ತಿಗೆ ಉಜ್ಜಬಾರದು, ಅಂಗೈಯಲ್ಲಿ ನೊರೆ ಎಬ್ಬಿಸಿ ಬೆರಳ ತುದಿಯಿಂದ ಸವರಬೇಕು, ಉಗುರು ತಾಗಬಾರದು. ಬಳಸಿದ ಮೇಲೆ ನೀರು ಬಸಿಯುವ ತಟ್ಟೆಯಲ್ಲಿಟ್ಟು ಪೂರ್ತಿ ಒಣಗಿಸಬೇಕು. ಒದ್ದೆಯಲ್ಲೇ ಬಿಟ್ಟರೆ ಪ್ರಿಸರ್ವೇಟಿವ್ ಇಲ್ಲದ ಬಿಲ್ಲೆಯಲ್ಲಿ ನಾವು ತಪ್ಪಿಸಿಕೊಂಡು ಬಂದ ಬ್ಯಾಕ್ಟೀರಿಯಾ ಮತ್ತೆ ಮನೆ ಮಾಡುತ್ತದೆ.

ಕೂದಲು ಸಿಕ್ಕಾಗುತ್ತದೆ ಎನಿಸಿದಾಗ ಕೊನೆಯ ನೀರಿಗೆ ಸಿಟ್ರಿಕ್ ಆಮ್ಲ. ವಿನೆಗರ್ ಮಾಡುವ ಕೆಲಸವನ್ನೇ ಮಾಡುತ್ತದೆ, ವಾಸನೆಯಿಲ್ಲ. ನನ್ನ ನಲ್ಲಿ ನೀರಿಗೆ ಲೀಟರಿಗೆ 0.2 ಗ್ರಾಂ ಹಾಕಿದಾಗ ಪಿಎಚ್ ಪಟ್ಟಿ 4.5 ತೋರಿಸಿತು. ನೀರಿನ ಗಡಸುತನ ಒಂದೊಂದು ಕಡೆ ಒಂದೊಂದು, ಹಾಗಾಗಿ ಗ್ರಾಂ ಲೆಕ್ಕ ನಂಬಬೇಡಿ, ಪಟ್ಟಿ ನೋಡಿ. ಬೇಕಾದಷ್ಟು ಆಗಲೇ ಕಲಸಿ, ಉಳಿದದ್ದು ಚೆಲ್ಲುವುದು.

ಕೂದಲ ಬಣ್ಣದ ಬಗ್ಗೆ ಒಂದೇ ವಾಕ್ಯ: ಗಾಢ ಬಣ್ಣ ಕೊಡುವ ಪಿಪಿಡಿ ಎಂಬ ವಸ್ತು ತೀವ್ರ ಅಲರ್ಜಿಕಾರಕ, ಗಿಡಮೂಲಿಕೆ ಬಣ್ಣವೆಂದು ಮಾರುವ ಕಪ್ಪು ಪುಡಿಗಳಲ್ಲೂ ಅದು ಸೇರಿರಬಹುದು, ನಾನು ಹಾಕುವುದಿಲ್ಲ.

ನೀರಿನ ಬಿಸಿ

ಹನ್ನೊಂದನೆಯ ವಾರ. ಮುಲಾಮು ಸರಿ, ಬಿಲ್ಲೆ ಸರಿ, ಆದರೂ ಕೆಲವು ದಿನ ಕಿವಿ ಕೆಂಪು. ನೋಟ್‌ಬುಕ್ಕಿನಲ್ಲಿ ಯಾವ ವಸ್ತುವಿಗೂ ಅದು ತಾಳೆಯಾಗಲಿಲ್ಲ. ಕೊನೆಗೆ ಹವಾಮಾನ ನೋಡಿದೆ: ಚಳಿಯ ದಿನಗಳು. ಚಳಿಯಲ್ಲಿ ನಾನು ಬಿಸಿ ಹೆಚ್ಚಿಸುತ್ತಿದ್ದೆ. ಥರ್ಮಾಮೀಟರ್ ಇಟ್ಟು ಅಳೆದಾಗ ಆ ದಿನಗಳ ನೀರು 42 ಡಿಗ್ರಿ. 36ಕ್ಕೆ ಇಳಿಸಿ ಎಂಟು ಸಲ ತಲೆ ತೊಳೆದೆ, ಒಂದು ಸಲವೂ ಕಿವಿ ಕೆಂಪೇರಲಿಲ್ಲ. ಒಂಬತ್ತನೆಯ ಸಲ ಬೇಕೆಂದೇ 42ಕ್ಕೆ ಏರಿಸಿದೆ, ಹದಿನೈದು ನಿಮಿಷಕ್ಕೆ ಕಿವಿ ಕಾಯಿತು.

ಜೊತೆಗೆ ಒರೆಸುವ ರೀತಿ. ಪೆನ್ನಿನ ಮುಚ್ಚಳದಿಂದ ಮುಂದೋಳಿನ ಮೇಲೆ ಮೆಲ್ಲಗೆ ಒಂದು ಗೆರೆ ಎಳೆದು ಹತ್ತು ನಿಮಿಷ ಕಾದು ನೋಡಿದೆ. ಗೆರೆ ಉಬ್ಬಿ ನಿಂತಿತು. ಇದಕ್ಕೆ ಡರ್ಮೋಗ್ರಾಫಿಸಂ ಎನ್ನುತ್ತಾರೆ. ಬರೀ ತಿಕ್ಕುವುದರಿಂದಲೇ ಮಾಸ್ಟ್ ಕೋಶಗಳು ದಾಸ್ತಾನು ಚೆಲ್ಲುವ ಸ್ವಭಾವ. ಒರಟು ಟವೆಲಿನಲ್ಲಿ ತಲೆ ಉಜ್ಜುವುದೂ, ಬಿಗಿ ಜಡೆಯೂ, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯೂ ಅಂದಿಗೆ ಮುಗಿದವು. ಇಷ್ಟು ವರ್ಷ ಡಬ್ಬಿಗಳನ್ನು ಬದಲಿಸುತ್ತ ಬಂದಿದ್ದೆ, ಡಬ್ಬಿ ಯಾವುದಾದರೂ ನೀರಿನ ಬಿಸಿ ಮಾತ್ರ ಅದೇ ಇತ್ತು.

ಇವತ್ತಿಗೆ ಕಪಾಟಿನಲ್ಲಿ ಮೂರು ವಸ್ತು: ಮುಲಾಮು, ಬಿಲ್ಲೆ, ಸಿಟ್ರಿಕ್ ಆಮ್ಲದ ಸಣ್ಣ ಡಬ್ಬಿ. ಬಿಸಿಲಿಗೆ ಝಿಂಕ್ ಆಕ್ಸೈಡ್ ಇರುವ, ಸುವಾಸನೆ ಸೇರಿಸದ ಸನ್‌ಸ್ಕ್ರೀನ್ ಕೊಂಡು ತರುತ್ತೇನೆ. ಅದನ್ನು ಮನೆಯಲ್ಲಿ ಮಾಡಬಾರದು; ಪುಡಿ ಸಮನಾಗಿ ಹರಡದಿದ್ದರೆ ರಕ್ಷಣೆ ಎಲ್ಲಿದೆ, ಎಲ್ಲಿಲ್ಲ ಎಂದು ಕಣ್ಣಿಗೆ ಕಾಣುವುದಿಲ್ಲ. ಮುಲಾಮು ಬೇಸಿಗೆಯಲ್ಲಿ ಸ್ವಲ್ಪ ಮೆತ್ತಗಾಗುತ್ತಿದೆ. ಮುಂದಿನ ಸಲ ಕ್ಯಾಂಡೆಲಿಲ್ಲಾ 4.25 ಗ್ರಾಂ ಮಾಡಿ, ಜೊಜೊಬಾವನ್ನು ಅಷ್ಟೇ ಇಳಿಸಿ ನೋಡಬೇಕು. ಅದಕ್ಕೆ ತೋಳಿನ ಮೇಲೆ ಹೊಸ ಚೌಕ ಆಗಲೇ ಎಳೆದಾಗಿದೆ.